ಪುಟ್ಟಿ ಬಳಿಯುವ ಮುಂಚೆ ಬೆಸುಗೆ ನೋಡಿ

ಡೆಂಕಣಿಕೋಟೆ: ಗುದ್ದಿಸಿಕೊಂಡ ಕಾರನ್ನು ಟಿಂಕರ್ ಅಂಗಡಿಗೆ ಬಿಡುವವರು ಕೇಳುವುದು ಎರಡೇ ಮಾತು. ಎಷ್ಟಾಗುತ್ತೆ? ಯಾವಾಗ ಕೊಡ್ತೀರಿ? ಯಾವ ವೆಲ್ಡಿಂಗ್ ಹಾಕ್ತೀರಿ ಎಂದು ಕೇಳುವವರು ಅಪರೂಪ. ಮತ್ತೊಮ್ಮೆ ಅಪಘಾತವಾದರೆ ಒಳಗೆ ಕೂತವರನ್ನು ಕಾಯುವುದು ಮಾತ್ರ ಆ ಬೆಸುಗೆಯೇ.

ನಮ್ಮ ಹೊಸೂರಿನಲ್ಲಿ ತಯಾರಾಗುವ ಅಶೋಕ್ ಲೇಲ್ಯಾಂಡ್ ಲಾರಿಗೆ ಕೆಳಗೆ ದಪ್ಪ ಛಾಸಿ ಇರುತ್ತದೆ. 1983ರಲ್ಲಿ ಬಂದ ಮಾರುತಿ 800ರಂಥ ಕಾರುಗಳಿಗೆ ಪ್ರತ್ಯೇಕ ಛಾಸಿಯೇ ಇಲ್ಲ, ತಗಡಿನ ಬಾಡಿಯೇ ಎಲುಬು. ಆ ತಗಡು ಬಹಳ ಕಡೆ 1 ಮಿ.ಮೀ.ಗಿಂತ ತೆಳು. ಗೇಟು, ಗ್ರಿಲ್ಲಿಗೆ ಹಾಕುವ ಕರೆಂಟ್ ವೆಲ್ಡಿಂಗ್ ಕಡ್ಡಿ ತಾಗಿಸಿದರೆ ತೂತು ಬೀಳುತ್ತದೆ.

ಹಳೆಯ ಕೈಗಳಿಗೆ ಒಗ್ಗಿದ್ದು ಗ್ಯಾಸ್ ವೆಲ್ಡಿಂಗ್. ಆಕ್ಸಿಜನ್-ಅಸಿಟಿಲೀನ್ ಉರಿ 3,000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಕಾವು ಸುತ್ತಲೂ ಹರಡಿ ತಗಡು ಸೊಟ್ಟಗಾಗುತ್ತದೆ, ಒಳಬದಿಯ ತುಕ್ಕು ತಡೆಯುವ ಲೇಪ ಸುಟ್ಟುಹೋಗುತ್ತದೆ. ಮಡ್‌ಗಾರ್ಡಿನ ಸಣ್ಣ ಬಿರುಕಿಗೆ ಇದು ನಡೆದೀತು. ಬಾಗಿಲ ಕಂಬಕ್ಕೆ, ಸೀಟ್ ಬೆಲ್ಟ್ ಬಿಗಿಯುವ ಜಾಗಕ್ಕೆ ಬೇಡವೇ ಬೇಡ.

ಗ್ಯಾರೇಜಿನ ಬಾಯಲ್ಲಿ ‘ಸಿಒಟು’ ಎನ್ನುವ ಮಿಗ್ ವೆಲ್ಡಿಂಗ್ ಇದಕ್ಕಿಂತ ವಾಸಿ. ಗನ್ನಿನಿಂದ 0.6 ಅಥವಾ 0.8 ಮಿ.ಮೀ. ತಂತಿ ಬರುತ್ತಿರುತ್ತದೆ, ಜೊತೆಗೆ ಬರುವ ಗ್ಯಾಸ್ ಗಾಳಿ ತಾಗದಂತೆ ತಡೆಯುತ್ತದೆ. ಬಲ್ಲವರು ಒಂದೇ ಸಮನೆ ಎಳೆಯುವುದಿಲ್ಲ. ಇಲ್ಲಷ್ಟು, ಅಲ್ಲಷ್ಟು ಹೊಲಿಗೆ ಹಾಕಿ ಕಾವು ಆರಲು ಬಿಡುತ್ತಾರೆ.

ಕಂಪನಿಯಲ್ಲಿ ಹಾಕುವುದು ಹೆಚ್ಚಾಗಿ ಸ್ಪಾಟ್ ವೆಲ್ಡಿಂಗ್. ಎರಡು ತಗಡುಗಳನ್ನು ತಾಮ್ರದ ತುದಿಗಳ ನಡುವೆ ಅದುಮಿ ಕರೆಂಟ್ ಹಾಯಿಸಿದರೆ ಚುಕ್ಕೆಯಷ್ಟು ಜಾಗ ಕರಗಿ ಕೂಡುತ್ತದೆ. ಒಂದು ಕಾರಿನಲ್ಲಿ ಇಂಥ ಚುಕ್ಕೆ ಸಾವಿರಾರು. ಆ ಮೆಷಿನ್ ಇಲ್ಲದ ಅಂಗಡಿಯವರು ಮೇಲಿನ ತಗಡಿಗೆ ತೂತು ಕೊರೆದು ಸಿಒಟುವಿನಲ್ಲಿ ತುಂಬುತ್ತಾರೆ. ಹತ್ತು ಚುಕ್ಕೆ ಇದ್ದ ಕಡೆ ನಾಲ್ಕು ಹಾಕಿ ಮುಗಿಸಿದರೆ ಮಾತ್ರ ಮೋಸ.

ಹೊಸ ಕಾರುಗಳ ಕಂಬಗಳಲ್ಲಿ ಹೆಚ್ಚು ಗಟ್ಟಿಯ ಉಕ್ಕು ಇರುತ್ತದೆ. ಕಾಯಿಸಿದರೆ ಅದರ ಬಲವೇ ಹೋಗುತ್ತದೆ. ಅಲ್ಲಿ ಪ್ಯಾಚ್ ಕೆಲಸ ಕೂಡದು, ಕಂಪನಿ ಹೇಳಿದ ಕಡೆ ಕತ್ತರಿಸಿ ಭಾಗವನ್ನೇ ಬದಲಿಸಬೇಕು. ಇನ್ನು ಯಾವ ವೆಲ್ಡಿಂಗೇ ಇರಲಿ, ಮೊದಲು ಬ್ಯಾಟರಿ ವೈರ್ ಕಳಚಿಸಿ. ಪೆಟ್ರೋಲ್ ಟ್ಯಾಂಕ್ ಹತ್ತಿರದ ಕೆಲಸವಾದರೆ ಟ್ಯಾಂಕನ್ನೇ ಇಳಿಸಬೇಕು.

ಪುಟ್ಟಿ, ಪೇಂಟ್ ಬಿದ್ದ ಮೇಲೆ ಎಲ್ಲ ಬೆಸುಗೆಯೂ ಒಂದೇ ಥರ ಕಾಣುತ್ತದೆ. ಪುಟ್ಟಿಗೆ ಮುಂಚೆ ಕರೆಯಿರಿ ಎಂದು ಹೇಳಿಬಿಟ್ಟು ಬನ್ನಿ, ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಬೆಂಗಳೂರಿನಿಂದ ಕೆಎ ನಂಬರಿನ ಹಳೆಯ ಕಾರು ತರುವ ನಮ್ಮವರು ಆರ್‌ಸಿ, ಎನ್‌ಒಸಿ ಎಲ್ಲ ತಿರುವಿ ನೋಡುತ್ತಾರೆ, ಕಾಲಡಿಯ ಮ್ಯಾಟ್ ಎತ್ತಿ ನೋಡುವುದಿಲ್ಲ. ಹೋಗುವಾಗ ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ ಜೇಬಿನಲ್ಲಿರಲಿ. ಉಕ್ಕಿನ ಬಾಡಿಯಲ್ಲಿ ಅದು ಹಿಡಿಯದೆ ಜಾರಿದ ಕಡೆ ಒಳಗೆ ದಪ್ಪ ಪುಟ್ಟಿ ಇದೆಯೆಂದೇ ತಿಳಿಯಿರಿ.