ಹೆಪ್ಪಿನ ಬ್ಯಾಕ್ಟೀರಿಯ ಕೊಡುವ ಆಹಾರ ಸಂರಕ್ಷಕ: ನಿಸಿನ್

ಹಾಲಿಗಿಂತ ಮೊಸರು ಹೆಚ್ಚು ಕಾಲ ಕೆಡದೆ ಉಳಿಯುವುದು ನಿಮಗೆ ಗೊತ್ತು. ಹೆಪ್ಪಿನಲ್ಲಿರುವ ಲ್ಯಾಕ್ಟಿಕ್ ಆಮ್ಲ ಬ್ಯಾಕ್ಟೀರಿಯಗಳು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಆಮ್ಲವಾಗಿ ಪರಿವರ್ತಿಸುತ್ತವೆ. ಆ ಹುಳಿಯಲ್ಲಿ ಅನೇಕ ಸೂಕ್ಷ್ಮಜೀವಿಗಳು ಬೆಳೆಯಲಾರವು. ಆದರೆ ಈ ಗುಂಪಿನ ಕೆಲವು ತಳಿಗಳ ಬಳಿ ಇನ್ನೊಂದು ಅಸ್ತ್ರವೂ ಇದೆ. ಅವು ಬೇರೆ ಬ್ಯಾಕ್ಟೀರಿಯಗಳನ್ನು ಕೊಲ್ಲುವ ಪುಟ್ಟ ಪ್ರೋಟೀನುಗಳನ್ನು ತಯಾರಿಸುತ್ತವೆ. ಇವನ್ನು ಬ್ಯಾಕ್ಟೀರಿಯೊಸಿನ್‌ಗಳು ಎನ್ನುತ್ತಾರೆ. ಇವುಗಳಲ್ಲಿ ಪ್ರಸಿದ್ಧವಾದುದು ಲ್ಯಾಕ್ಟೊಕಾಕಸ್ ಲ್ಯಾಕ್ಟಿಸ್ ತಯಾರಿಸುವ ನಿಸಿನ್.

ಉಪದ್ರವವೇ ಉಪಕಾರಿಯಾಯಿತು

1928ರಲ್ಲಿ ಅಮೆರಿಕದ ರೋಜರ್ಸ್, ಹಾಲಿನ ಒಂದು ಬ್ಯಾಕ್ಟೀರಿಯ ಮತ್ತೊಂದರ ಬೆಳವಣಿಗೆಯನ್ನು ತಡೆಯುವುದನ್ನು ಗಮನಿಸಿದರು. 1933ರಲ್ಲಿ ನ್ಯೂಜಿಲೆಂಡಿನ ವೈಟ್‌ಹೆಡ್ ಇಂಥದೇ ವಸ್ತುವನ್ನು ವರದಿ ಮಾಡಿದರು. ಚೀಸ್ ತಯಾರಕರಿಗೆ ಇದು ತಲೆನೋವು, ಏಕೆಂದರೆ ಅವರು ಹಾಕಿದ ಹೆಪ್ಪು ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. 1947ರಲ್ಲಿ ಇಂಗ್ಲೆಂಡಿನ ಮ್ಯಾಟಿಕ್ ಮತ್ತು ಹಿರ್ಷ್ ಇದಕ್ಕೆ ನಿಸಿನ್ ಎಂದು ಹೆಸರಿಟ್ಟರು. 1951ರಲ್ಲಿ, ಚೀಸಿನಲ್ಲಿ ಅನಿಲ ತುಂಬಿಸಿ ಕೆಡಿಸುವ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯವನ್ನು ಇದು ತಡೆಯಬಲ್ಲದೆಂದು ತಿಳಿದುಬಂತು.

ಕ್ಲಾಸ್ಟ್ರಿಡಿಯಂ ಬೀಜಾಣುಗಳು ಸಾಮಾನ್ಯ ಕುದಿತಕ್ಕೂ ಸಾಯುವುದಿಲ್ಲ. ಮುಂದೆ ಅವು ಮೊಳೆತರೆ, ಕೆಲವು ಪ್ರಭೇದಗಳು ಮಾರಕ ವಿಷವನ್ನು ಉತ್ಪಾದಿಸುತ್ತವೆ. ನಿಸಿನ್ ಬೀಜಾಣು ಮೊಳೆತು ಬೆಳೆಯುವುದನ್ನು ತಡೆಯುತ್ತದೆ. ಆದ್ದರಿಂದಲೇ 1988ರಲ್ಲಿ ಅಮೆರಿಕ, ಪಾಶ್ಚರೀಕರಿಸಿದ ಚೀಸ್ ಸ್ಪ್ರೆಡ್‌ಗಳಲ್ಲಿ ಇದರ ಬಳಕೆಗೆ ಒಪ್ಪಿಗೆ ನೀಡಿತು. ಆಹಾರದ ಪೊಟ್ಟಣಗಳ ಮೇಲೆ ಇದರ ಸಂಕೇತ ಸಂಖ್ಯೆ 234.

ಕೊಲ್ಲುವ ಬಗೆ

ನಿಸಿನ್ 34 ಅಮೈನೊ ಆಮ್ಲಗಳ ಸರಪಳಿ. ಇದು ಕೋಶಪೊರೆಯಲ್ಲಿರುವ ಲಿಪಿಡ್-2 ಎಂಬ ಅಣುವಿಗೆ ಅಂಟಿಕೊಳ್ಳುತ್ತದೆ. ಕೋಶಭಿತ್ತಿ ಕಟ್ಟಲು ಬೇಕಾದ ಅಣು ಅದು. ಹೀಗಾಗಿ ಭಿತ್ತಿಯ ನಿರ್ಮಾಣ ನಿಲ್ಲುತ್ತದೆ. ಜೊತೆಗೆ ಪೊರೆಯಲ್ಲಿ ರಂಧ್ರಗಳಾಗಿ ಕೋಶದೊಳಗಿನ ವಸ್ತುಗಳು ಸೋರಿಹೋಗುತ್ತವೆ. ಹಾಗಾದರೆ ತಯಾರಿಸಿದ ಬ್ಯಾಕ್ಟೀರಿಯವೇ ಏಕೆ ಸಾಯುವುದಿಲ್ಲ? ತನ್ನನ್ನು ಕಾಪಾಡಿಕೊಳ್ಳುವ ಪ್ರೋಟೀನುಗಳನ್ನೂ ಅದು ಜೊತೆಯಲ್ಲೇ ತಯಾರಿಸಿಕೊಳ್ಳುತ್ತದೆ.

ಉತ್ಪಾದನೆ

ಹಾಲು ಅಥವಾ ಸಕ್ಕರೆಯುಳ್ಳ ಪೋಷಕ ದ್ರಾವಣದಲ್ಲಿ ಸುಮಾರು 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಬ್ಯಾಕ್ಟೀರಿಯವನ್ನು ಬೆಳೆಸುತ್ತಾರೆ. ಆಮ್ಲ ಹೆಚ್ಚಾದರೆ ಅದರ ಬೆಳವಣಿಗೆಯೇ ನಿಲ್ಲುವುದರಿಂದ ಕ್ಷಾರ ಸೇರಿಸಿ ಪಿಎಚ್ ಕಾಯ್ದುಕೊಳ್ಳಬೇಕು. ಕೊನೆಯಲ್ಲಿ ದ್ರಾವಣವನ್ನು ಆಮ್ಲೀಯಗೊಳಿಸಿದರೆ, ಕೋಶಗಳಿಗೆ ಅಂಟಿದ್ದ ನಿಸಿನ್ ಬಿಡುಗಡೆಯಾಗುತ್ತದೆ. ನಂತರ ಅದನ್ನು ಬೇರ್ಪಡಿಸಿ, ಒಣಗಿಸಿ ಪುಡಿ ಮಾಡುತ್ತಾರೆ. ಮಾರುಕಟ್ಟೆಯ ಸಾಮಾನ್ಯ ಪುಡಿಯಲ್ಲಿ ನಿಸಿನ್ ಸುಮಾರು 2.5% ಮಾತ್ರ, ಉಳಿದುದರಲ್ಲಿ ಹೆಚ್ಚಿನದು ಉಪ್ಪು.

ಆಮ್ಲವೋ, ಬ್ಯಾಕ್ಟೀರಿಯೊಸಿನ್ನೋ?

ಕೊಲ್ಲುತ್ತಿರುವುದು ಆಮ್ಲವಲ್ಲ ಎಂದು ತಿಳಿಯುವುದು ಹೇಗೆ? ಬ್ಯಾಕ್ಟೀರಿಯ ಬೆಳೆದ ದ್ರಾವಣದಿಂದ ಕೋಶಗಳನ್ನು ತೆಗೆದು, ಆಮ್ಲವನ್ನು ತಟಸ್ಥಗೊಳಿಸಬೇಕು. ಕ್ಯಾಟಲೇಸ್ ಕಿಣ್ವ ಬೆರೆಸಿ ಹೈಡ್ರೊಜನ್ ಪೆರಾಕ್ಸೈಡನ್ನೂ ನಾಶಮಾಡಬೇಕು. ಬಳಿಕ ಮೈಕ್ರೊಕಾಕಸ್ ಲ್ಯೂಟಿಯಸ್ ಬೆರೆಸಿದ ಅಗಾರ್ ತಟ್ಟೆಯ ಮೇಲೆ ಅದನ್ನು ಹಾಕಿದಾಗ ತಿಳಿಯಾದ ವಲಯ ಮೂಡಿತೆನ್ನಿ. ಕೈಮೊಟ್ರಿಪ್ಸಿನ್‌ನಂಥ ಪ್ರೋಟೀನ್ ಒಡೆಯುವ ಕಿಣ್ವ ಸೇರಿಸಿದಾಗ ಆ ವಲಯ ಮೂಡದಿದ್ದರೆ, ಕೊಂದದ್ದು ಪ್ರೋಟೀನು ಎಂದು ತೀರ್ಮಾನಿಸಬಹುದು.

ಇದೇ ಗುಣದಿಂದ ನಮ್ಮ ಜೀರ್ಣಾಂಗದಲ್ಲಿಯೂ ನಿಸಿನ್ ಒಡೆದುಹೋಗುತ್ತದೆ. ಆಹಾರಕ್ಕೆ ಬಳಸಲು ಇದು ಅನುಕೂಲ.

ಮಿತಿಗಳು

ನಿಸಿನ್ ಸರ್ವರೋಗಕ್ಕೂ ಮದ್ದಲ್ಲ. ಇ. ಕೋಲಿ, ಸಾಲ್ಮೊನೆಲ್ಲಾದಂಥ ಗ್ರಾಂ-ಋಣ ಬ್ಯಾಕ್ಟೀರಿಯಗಳಿಗೆ ಹೊರಪೊರೆಯ ರಕ್ಷಣೆ ಇರುವುದರಿಂದ ಅವುಗಳ ಮೇಲೆ ಇದರ ಪ್ರಭಾವ ಬಲು ಕಡಿಮೆ. ಯೀಸ್ಟ್, ಬೂಷ್ಟುಗಳನ್ನೂ ಇದು ತಡೆಯದು. ಆದ್ದರಿಂದ ಶುಚಿತ್ವ, ಸರಿಯಾದ ಬಿಸಿ ಮತ್ತು ಶೈತ್ಯ ಇವುಗಳಿಗೆ ನಿಸಿನ್ ಪೂರಕವೇ ಹೊರತು ಪರ್ಯಾಯವಲ್ಲ.