ತಾರಸಿಯ ಸಲಕರಣೆ ಕಟ್ಟೆ ಮತ್ತು ಆವರಣ

ತಾರಸಿಯ ಸಲಕರಣೆ ಕಟ್ಟೆ ಎಂದರೆ ನೀರಿನ ತೊಟ್ಟಿ, ಸೌರ ಜಲತಾಪಕ, ಸೌರ ವಿದ್ಯುತ್ ಫಲಕ, ಹವಾನಿಯಂತ್ರಕದ ಹೊರಘಟಕ ಮೊದಲಾದವುಗಳನ್ನು ಹೊರಲು ಕಟ್ಟಡದ ಮೇಲ್ಛಾವಣಿಯ ಮೇಲೆ ನಿರ್ಮಿಸುವ ಆಧಾರ. ಈ ಸಲಕರಣೆಗಳನ್ನು ಮಳೆ, ಬಿಸಿಲು ಹಾಗೂ ಪ್ರಾಣಿಪಕ್ಷಿಗಳಿಂದ ಕಾಪಾಡಲು ಅಥವಾ ಅವುಗಳ ಶಬ್ದವನ್ನು ತಗ್ಗಿಸಲು ಸುತ್ತಲೂ ಕಟ್ಟುವ ಗೋಡೆ, ಜಾಲರಿ ಅಥವಾ ಗೂಡು ಆವರಣ ಎನಿಸುತ್ತದೆ. ಕಟ್ಟೆಯ ಸ್ಥಾನ, ಅಳತೆ, ಸಾಮಗ್ರಿ ಮತ್ತು ಹೊರೆಯನ್ನು ಕಟ್ಟಡದ ನಕ್ಷೆಯ ಹಂತದಲ್ಲಿಯೇ ಬರಹದಲ್ಲಿ ಗೊತ್ತುಪಡಿಸುವುದನ್ನು ನಿರ್ದಿಷ್ಟಪಡಿಸುವಿಕೆ ಎನ್ನುತ್ತಾರೆ. ಈ ಕೆಲಸವನ್ನು ಬಿಟ್ಟುಬಿಟ್ಟರೆ ಛಾವಣಿ ಬಿರುಕು ಬಿಡುವುದು, ಸೋರುವುದು, ಬಿರುಗಾಳಿಗೆ ತೊಟ್ಟಿ ಅಥವಾ ಫಲಕ ಹಾರಿ ಬಿದ್ದು ಜೀವಹಾನಿಯಾಗುವುದು ಸಾಧ್ಯ.

ಹಿನ್ನೆಲೆ

ಚಿತ್ರದುರ್ಗ ಜಿಲ್ಲೆಯ ಬಯಲುಸೀಮೆಯಲ್ಲಿ ಮಾಳಿಗೆ ಮನೆಗಳು ಹಿಂದಿನಿಂದಲೂ ರೂಢಿಯಲ್ಲಿದ್ದವು. ಮರದ ತೊಲೆ ಮತ್ತು ಜಂತೆಗಳ ಮೇಲೆ ಮಣ್ಣು ಹರಡಿ, ನೀರು ಇಂಗದಂತೆ ಕರಲು ಮಣ್ಣಿನ ಪದರವನ್ನು ಹಾಕುತ್ತಿದ್ದರು. ಕಾಳುಕಡಿ ಒಣಗಿಸಲು ಮಾಳಿಗೆ ಉಪಯೋಗವಾಗುತ್ತಿತ್ತೇ ಹೊರತು ಭಾರವಾದ ವಸ್ತುಗಳನ್ನು ಶಾಶ್ವತವಾಗಿ ಇಡಲು ಅಲ್ಲ. ನೀರು ಬಾವಿಯಲ್ಲಿ, ಹಂಡೆ ಬಚ್ಚಲಲ್ಲಿ ಇರುತ್ತಿದ್ದವು.

ಕಾಂಕ್ರೀಟಿನ ಆರ್‌ಸಿಸಿ ತಾರಸಿಗಳು ಬಂದ ಮೇಲೆ ಈ ಸ್ಥಿತಿ ಬದಲಾಯಿತು. ಹಿರಿಯೂರು ತಾಲ್ಲೂಕಿನ ಆದಿವಾಲದಂತಹ ಗ್ರಾಮಗಳಿರಲಿ, ಹೊಸದುರ್ಗ, ಹೊಳಲ್ಕೆರೆಯಂತಹ ಪಟ್ಟಣಗಳಿರಲಿ, ಮಳೆ ಕಡಿಮೆಯಿರುವ ಈ ಪ್ರದೇಶದಲ್ಲಿ ನೀರನ್ನು ಸಂಗ್ರಹಿಸಿಟ್ಟುಕೊಳ್ಳುವುದು ಅನಿವಾರ್ಯ. ನಲ್ಲಿಯಲ್ಲಿ ಗೊತ್ತಾದ ಹೊತ್ತಿಗೆ ಮಾತ್ರ ಬರುವ ನೀರನ್ನು ನೆಲದ ಸಂಪಿನಲ್ಲಿ ತುಂಬಿ, ಮೋಟಾರಿನಿಂದ ತಾರಸಿಯ ತೊಟ್ಟಿಗೆ ಏರಿಸುವ ಪದ್ಧತಿ ಬೆಳೆದಿದೆ. ಇದರ ಜೊತೆಗೆ ಸೌರ ಸಲಕರಣೆಗಳೂ ಸೇರಿವೆ. ಸೌರ ಜಲತಾಪಕ ಅಳವಡಿಸಿಕೊಂಡ ಗೃಹಬಳಕೆದಾರರಿಗೆ ಕರ್ನಾಟಕದ ವಿದ್ಯುತ್ ಸರಬರಾಜು ಕಂಪನಿಗಳು ಬಿಲ್ಲಿನಲ್ಲಿ ರಿಯಾಯಿತಿ ನೀಡುತ್ತ ಬಂದಿವೆ. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯು ಮನೆಯ ಛಾವಣಿಯ ಮೇಲಿನ 3 ಕಿಲೋವ್ಯಾಟ್ ಘಟಕಕ್ಕೆ 78,000 ರೂಪಾಯಿಗಳವರೆಗೆ ಸಹಾಯಧನವನ್ನು ಒದಗಿಸುತ್ತದೆ. ಹೀಗಾಗಿ ಒಂದು ಕಾಲಕ್ಕೆ ಬರಿದಾಗಿದ್ದ ತಾರಸಿ ಇಂದು ಹಲವು ಹೊರೆಗಳನ್ನು ಹೊರಬೇಕಾಗಿದೆ.

ಹೊರೆಯ ಲೆಕ್ಕ

ಭಾರತದಲ್ಲಿ ಕಟ್ಟಡಗಳ ಮೇಲಿನ ಹೊರೆಗಳನ್ನು ಐ.ಎಸ್. 875 ಎಂಬ ಸಂಹಿತೆಯೂ ಕಾಂಕ್ರೀಟ್ ರಚನೆಗಳ ವಿನ್ಯಾಸವನ್ನು ಐ.ಎಸ್. 456 ಎಂಬ ಸಂಹಿತೆಯೂ ನಿರೂಪಿಸುತ್ತವೆ. ಜನರು ಹತ್ತಿ ಓಡಾಡುವ ಸಮತಟ್ಟಾದ ಛಾವಣಿಗೆ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕಿ.ಗ್ರಾಂ. ಬಳಕೆಯ ಹೊರೆಯನ್ನು ಲೆಕ್ಕಕ್ಕೆ ಹಿಡಿಯಲಾಗುತ್ತದೆ.

ಒಂದು ಲೀಟರ್ ನೀರು ಒಂದು ಕಿ.ಗ್ರಾಂ. ತೂಗುವುದರಿಂದ 1000 ಲೀಟರಿನ ತುಂಬಿದ ತೊಟ್ಟಿಯ ನೀರು ಒಂದು ಟನ್ ಭಾರವಾಗುತ್ತದೆ. ತೊಟ್ಟಿಯ ತಳದ ವ್ಯಾಸ 1.1 ಮೀಟರ್ ಇದ್ದರೆ ತಳದ ವಿಸ್ತೀರ್ಣ ಸುಮಾರು 0.95 ಚದರ ಮೀಟರ್. ಆಗ ತೊಟ್ಟಿಯ ಕೆಳಗಿನ ಜಾಗದಲ್ಲಿ ಬೀಳುವ ಹೊರೆ ಚದರ ಮೀಟರಿಗೆ 1000 ಕಿ.ಗ್ರಾಂ. ಮೀರುತ್ತದೆ, ಇದು ಮೇಲೆ ಹೇಳಿದ ಪ್ರಮಾಣದ ಸುಮಾರು ಏಳು ಪಟ್ಟು. ಕಟ್ಟೆಯ ಸ್ವಂತ ತೂಕವನ್ನೂ ಇದಕ್ಕೆ ಸೇರಿಸಬೇಕು. ಒಂದೂವರೆ ಮೀಟರ್ ಉದ್ದ, ಅಷ್ಟೇ ಅಗಲ ಹಾಗೂ 10 ಸೆಂ.ಮೀ. ದಪ್ಪದ ಕಾಂಕ್ರೀಟ್ ಹಲಗೆಯೊಂದೇ ಸುಮಾರು 560 ಕಿ.ಗ್ರಾಂ. ತೂಗುತ್ತದೆ.

ಆದ್ದರಿಂದ ತೊಟ್ಟಿಯನ್ನು ಕೋಣೆಯ ನಡುಭಾಗದ ಛಾವಣಿಯ ಮೇಲೆ ಇಡಬಾರದು. ಕೆಳಗಿನ ಕಂಬಗಳ ಅಥವಾ ಹೊರೆ ಹೊರುವ ಗೋಡೆಗಳ ನೇರಕ್ಕೆ ಕಟ್ಟೆಯ ಕಾಲುಗಳು ಬರಬೇಕು. ಇದರಿಂದ ಭಾರವು ಛಾವಣಿಯನ್ನು ಬಗ್ಗಿಸದೆ ತಳಪಾಯಕ್ಕೆ ಇಳಿಯುತ್ತದೆ. ಅನೇಕ ಮನೆಗಳಲ್ಲಿ ಮೆಟ್ಟಿಲಿನ ಮೇಲಿನ ಹೆಡ್‌ರೂಮಿನ ಮೇಲೆ ತೊಟ್ಟಿ ಇಡಲಾಗುತ್ತದೆ. ಆ ಭಾಗದ ಗೋಡೆ ಮತ್ತು ಛಾವಣಿಯನ್ನು ಈ ಹೊರೆಗಾಗಿಯೇ ವಿನ್ಯಾಸಗೊಳಿಸಿದ್ದರೆ ಮಾತ್ರ ಇದು ಸೂಕ್ತ. ಕಲ್ಲುಚಪ್ಪಡಿ ಅಥವಾ ಹಳೆಯ ಮಾಳಿಗೆಯ ಮನೆಗಳಲ್ಲಿ ತೊಟ್ಟಿಯನ್ನು ಮನೆಯ ಹೊರಗೆ ಪ್ರತ್ಯೇಕ ಕಂಬಗಳ ಮೇಲೆ ನಿಲ್ಲಿಸುವುದು ಕ್ಷೇಮಕರ.

ಗಾಳಿಯ ಒತ್ತಡ

ಚಿತ್ರದುರ್ಗದ ಬೆಟ್ಟಸಾಲುಗಳ ಮೇಲೆ ನಿಂತಿರುವ ಗಾಳಿಯಂತ್ರಗಳು ಈ ಸೀಮೆಯ ಗಾಳಿಯ ಬಲವನ್ನು ಸೂಚಿಸುತ್ತವೆ. ಮುಂಗಾರಿಗೆ ಮುನ್ನ ಏಪ್ರಿಲ್–ಮೇ ತಿಂಗಳುಗಳಲ್ಲಿ ಗುಡುಗು ಸಹಿತ ಬಿರುಗಾಳಿ ಬೀಸುವುದೂ ಉಂಟು. ಐ.ಎಸ್. 875ರ ಮೂರನೆಯ ಭಾಗವು ದೇಶವನ್ನು ಗಾಳಿಯ ವೇಗಕ್ಕನುಗುಣವಾಗಿ ವಲಯಗಳಾಗಿ ವಿಂಗಡಿಸಿದ್ದು, ಅವುಗಳಲ್ಲಿ ಕನಿಷ್ಠವಾದುದು ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿ.ಮೀ. ವೇಗದ ವಲಯ. ಬೆಂಗಳೂರು ಈ ವಲಯದಲ್ಲಿದೆ. ಈ ವೇಗದ ಗಾಳಿಯು ಪ್ರತಿ ಚದರ ಮೀಟರಿಗೆ ಸುಮಾರು 65 ಕಿ.ಗ್ರಾಂ. ತೂಕಕ್ಕೆ ಸಮನಾದ ಒತ್ತಡವನ್ನು ಉಂಟುಮಾಡುತ್ತದೆ. ಕಟ್ಟಡದ ಎತ್ತರ, ಸುತ್ತಲಿನ ಬಯಲು, ವಸ್ತುವಿನ ಆಕಾರ ಇವುಗಳಿಗೆ ತಕ್ಕಂತೆ ಇದು ಹೆಚ್ಚುಕಡಿಮೆಯಾಗುತ್ತದೆ.

ಎರಡು ಚದರ ಮೀಟರಿನ ಸೌರ ಫಲಕಕ್ಕೆ ಈ ಲೆಕ್ಕವನ್ನು ಅನ್ವಯಿಸಿದರೆ ಸುಮಾರು 130 ಕಿ.ಗ್ರಾಂ. ಬಲ ಬರುತ್ತದೆ. ಓರೆಯಾಗಿ ನಿಂತ ಫಲಕದ ಹಿಂಬದಿಯಿಂದ ಗಾಳಿ ನುಗ್ಗಿದಾಗ ಈ ಬಲವು ಫಲಕವನ್ನು ಮೇಲಕ್ಕೆ ಎತ್ತುತ್ತದೆ. ಫಲಕದ ಸ್ವಂತ ತೂಕ ಇದರ ಸಣ್ಣ ಭಾಗ ಮಾತ್ರ. ಪ್ಲಾಸ್ಟಿಕ್ ತೊಟ್ಟಿಯೂ ತುಂಬಿರುವಾಗ ಅಲುಗದು, ಬರಿದಾದಾಗ ಉರುಳೀತು. ಆದ್ದರಿಂದ ಕಟ್ಟೆಯು ತುಂಬಿದ ಭಾರವನ್ನು ಹೊರುವಂತೆಯೂ ಬರಿದಾದ ಸಲಕರಣೆಯನ್ನು ಹಿಡಿದಿಡುವಂತೆಯೂ ಇರಬೇಕು. ಇಟ್ಟಿಗೆ ಅಥವಾ ಕಲ್ಲು ಹೇರಿ ನಿಲ್ಲಿಸುವುದು ಸಾಲದು. ಬೋಲ್ಟುಗಳಿಂದ ಬಿಗಿಯುವುದು ಅಗತ್ಯ.

ಎತ್ತರ ಮತ್ತು ದಿಕ್ಕು

ನೀರಿನ ಮಟ್ಟ ಒಂದು ಮೀಟರ್ ಏರಿದರೆ ನಲ್ಲಿಯಲ್ಲಿ ಒತ್ತಡವು ಪ್ರತಿ ಚದರ ಸೆಂ.ಮೀ.ಗೆ 0.1 ಕಿ.ಗ್ರಾಂ.ನಷ್ಟು ಹೆಚ್ಚುತ್ತದೆ. ತೊಟ್ಟಿಯನ್ನು ತಾರಸಿಯ ಮಟ್ಟದಲ್ಲಿಯೇ ಇಟ್ಟರೆ ಮೇಲಿನ ಅಂತಸ್ತಿನಲ್ಲಿ ನೀರು ಮಂದವಾಗಿ ಬೀಳುವುದು ಇದೇ ಕಾರಣದಿಂದ. ಪಂಪಿಲ್ಲದೆ ಕೆಲಸ ಮಾಡುವ ಸೌರ ಜಲತಾಪಕಕ್ಕೆ ತಣ್ಣೀರಿನ ತೊಟ್ಟಿಯು ಬಿಸಿನೀರಿನ ತೊಟ್ಟಿಗಿಂತ ಮೇಲಿರಬೇಕು. ಬಿಸಿನೀರಿನ ತೊಟ್ಟಿಯಿಂದ ಮೇಲೇಳುವ ಗಾಳಿಕೊಳವೆಯ ತುದಿ ತಣ್ಣೀರಿನ ಮಟ್ಟವನ್ನೂ ಮೀರಿರಬೇಕು. ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಹಿರಿಯೂರಿನಲ್ಲಿ ಸೌರ ಸಲಕರಣೆಗಳು ದಕ್ಷಿಣಕ್ಕೆ ಮುಖ ಮಾಡಿರಬೇಕು. ತೊಟ್ಟಿಯ ಕಟ್ಟೆ ಅಥವಾ ಹೆಡ್‌ರೂಮಿನ ನೆರಳು ಅವುಗಳ ಮೇಲೆ ಬೀಳದಂತೆ ಸ್ಥಳವನ್ನು ಆರಿಸಬೇಕು.

ಆವರಣದ ಲಕ್ಷಣಗಳು

ಆವರಣವು ಸಲಕರಣೆಯ ಸ್ವಭಾವಕ್ಕೆ ಹೊಂದಿಕೊಳ್ಳಬೇಕು. ಹವಾನಿಯಂತ್ರಕದ ಹೊರಘಟಕವು ಬಿಸಿಗಾಳಿಯನ್ನು ಹೊರಹಾಕುವುದರಿಂದ ಅದನ್ನು ಮುಚ್ಚಿದ ಗೂಡಿನಲ್ಲಿಟ್ಟರೆ ಅದೇ ಬಿಸಿಗಾಳಿಯನ್ನು ಮತ್ತೆ ಎಳೆದುಕೊಂಡು ಹೆಚ್ಚು ವಿದ್ಯುತ್ ಬಳಸುತ್ತದೆ. ಇಂತಹ ಕಡೆ ಗಾಳಿಯಾಡುವ ಜಾಲರಿ ಸೂಕ್ತ. ಇನ್ವರ್ಟರ್ ಮೊದಲಾದ ವಿದ್ಯುತ್ ಪೆಟ್ಟಿಗೆಗಳಿಗೆ ಮಳೆ ಎರಚದ ಹಾಗೂ ನೆರಳಿರುವ ಗೂಡು ಬೇಕು. ದುರಸ್ತಿಗಾಗಿ ಸಲಕರಣೆಯ ಸುತ್ತ ಒಬ್ಬ ಮನುಷ್ಯ ಕುಳಿತು ಕೆಲಸ ಮಾಡುವಷ್ಟು ಜಾಗ ಬಿಡಬೇಕು. ಆದರೆ ಎತ್ತರದ ಮುಚ್ಚುಗೋಡೆಯು ಹೆಚ್ಚು ಗಾಳಿಗೆ ಎದೆಯೊಡ್ಡುವುದರಿಂದ ಅದರ ಹೊರೆಯನ್ನೂ ಲೆಕ್ಕ ಹಾಕಬೇಕು.

ನಿರ್ದಿಷ್ಟಪತ್ರದಲ್ಲಿ ಇರಬೇಕಾದ ಅಂಶಗಳು

• ಪ್ರತಿಯೊಂದು ಸಲಕರಣೆಯ ಅಳತೆ, ಬರಿದಾದಾಗಿನ ತೂಕ ಮತ್ತು ತುಂಬಿದಾಗಿನ ತೂಕ.
• ಕೆಳಗಿನ ಕಂಬ, ತೊಲೆಗಳನ್ನು ಗುರುತಿಸಿದ ನಕ್ಷೆಯಲ್ಲಿ ಕಟ್ಟೆಯ ಸ್ಥಾನ.
• ಕಟ್ಟೆಯ ಸಾಮಗ್ರಿ; ಕಬ್ಬಿಣದ್ದಾದರೆ ತುಕ್ಕು ಹಿಡಿಯದಂತೆ ಸತುವಿನ ಲೇಪನ.
• ಬೋಲ್ಟುಗಳ ಗಾತ್ರ, ಸಂಖ್ಯೆ ಮತ್ತು ಅವು ಛಾವಣಿಯನ್ನು ಸೇರುವ ಕಡೆ ನೀರು ಇಂಗದಂತೆ ಮಾಡುವ ವಿಧಾನ.
• ಮಳೆನೀರು ಕಟ್ಟೆಗೆ ಅಡ್ಡವಾಗಿ ನಿಲ್ಲದೆ ಹರಿಯುವಂತೆ ಇಳಿಜಾರು.
• ಲೋಹದ ಚೌಕಟ್ಟುಗಳಿಗೆ ಅರ್ಥಿಂಗ್ ಹಾಗೂ ಸಿಡಿಲಿನಿಂದ ರಕ್ಷಣೆ.
• ಭದ್ರವಾದ ಏಣಿ, ನಿಲ್ಲುವ ಜಾಗ ಮತ್ತು ಕನಿಷ್ಠ ಒಂದು ಮೀಟರ್ ಎತ್ತರದ ಪ್ಯಾರಾಪೆಟ್ ಗೋಡೆ.

ಹೊಸ ಬೋಲ್ಟುಗಳಿಗಾಗಿ ಛಾವಣಿಯನ್ನು ಕೊರೆದರೆ ನೀರು ಒಳಗಿನ ಕಬ್ಬಿಣದ ಸರಳುಗಳನ್ನು ತಲುಪಿ ತುಕ್ಕು ಹಿಡಿಸುತ್ತದೆ. ಮುಂದೆ ಬರಬಹುದಾದ ಸಲಕರಣೆಗಳಿಗೂ ಮನೆ ಕಟ್ಟುವಾಗಲೇ ಸಣ್ಣ ಪೀಠಗಳನ್ನು ಎಬ್ಬಿಸಿಟ್ಟರೆ ಈ ತೊಂದರೆ ತಪ್ಪುತ್ತದೆ. ಈಗಾಗಲೇ ಇರುವ ಕಟ್ಟಡವಾದರೆ, ಹೊರೆ ಹೆಚ್ಚಿಸುವ ಮೊದಲು ಸಿವಿಲ್ ಇಂಜಿನಿಯರರಿಂದ ಪರೀಕ್ಷೆ ಮಾಡಿಸುವುದು ಅವಶ್ಯಕ.

ನಿರ್ವಹಣೆ

ಮಳೆಗಾಲಕ್ಕೆ ಮುನ್ನ ಬೋಲ್ಟುಗಳ ಬಿಗಿತ, ತುಕ್ಕು ಮತ್ತು ಕಟ್ಟೆಯ ಬುಡದ ಬಿರುಕುಗಳನ್ನು ನೋಡಬೇಕು. ಕೊಳವೆಬಾವಿಯ ಗಡಸು ನೀರು ಜಲತಾಪಕದ ಕೊಳವೆಗಳಲ್ಲಿ ಸುಣ್ಣದ ಪೊರೆ ಕಟ್ಟುವುದರಿಂದ ಅವುಗಳನ್ನು ಆಗಾಗ ಶುಚಿಗೊಳಿಸಬೇಕಾಗುತ್ತದೆ. ತೊಟ್ಟಿಯ ಮುಚ್ಚಳ ಸಡಿಲವಾಗಿದ್ದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆಗಳು ಒಳಗಿನ ನೀರಿನಲ್ಲಿ ಮೊಟ್ಟೆಯಿಡುತ್ತವೆ. ತೊಟ್ಟಿ ತುಂಬಿ ಹರಿಯುವ ನೀರು ಪ್ರತಿದಿನ ಒಂದೇ ಜಾಗದಲ್ಲಿ ಬಿದ್ದರೆ ಕಟ್ಟೆಯ ಬುಡ ಶಿಥಿಲವಾಗುತ್ತದೆ. ಹೊರಹರಿವಿನ ಕೊಳವೆಯನ್ನು ಮಳೆನೀರಿನ ಕೊಳವೆಗೆ ಸೇರಿಸುವುದು ಇದಕ್ಕೆ ಸರಳ ಪರಿಹಾರ. ಈ ಕೆಲಸಗಳನ್ನು ಮಾಡುವವರು ತಾರಸಿಯ ಅಂಚಿನಲ್ಲಿ ನಿಲ್ಲಬೇಕಾಗಿ ಬರುವುದರಿಂದ, ಏಣಿ ಮತ್ತು ಹಿಡಿಕಂಬಿಗಳ ಸುಸ್ಥಿತಿಯನ್ನು ಮೊದಲು ಪರೀಕ್ಷಿಸಬೇಕು.