ಅಮೆರಿಕದ ವರ, ಊರಿನ ಕಾಗದಪತ್ರ

ವರನು ಅಮೆರಿಕದಲ್ಲಿದ್ದಾನೆಂದರೆ ಹೆಣ್ಣಿನ ಕಡೆಯ ಹಿರಿಯರು ಸಂಬಳ ವಿಚಾರಿಸುತ್ತಾರೆ, ಕಂಪೆನಿಯ ಹೆಸರು ಕೇಳುತ್ತಾರೆ, ಜಾತಕವನ್ನೂ ತೋರಿಸುತ್ತಾರೆ. ಆತ ಆ ದೇಶದಲ್ಲಿ ಯಾವ ಹಕ್ಕಿನ ಮೇಲೆ ನೆಲೆಸಿದ್ದಾನೆ ಎಂದು ಕೇಳುವವರು ಮಾತ್ರ ಅಪರೂಪ. ಮದುವೆಯಾದ ಮಗಳು ಗಂಡನನ್ನು ಸೇರುವುದು ಯಾವಾಗ ಎಂಬುದು ನಿಂತಿರುವುದು ಈ ಉತ್ತರದ ಮೇಲೆಯೇ.

ಆತ ಅಮೆರಿಕದ ಪೌರನಾಗಿದ್ದರೆ, ಪತ್ನಿಯು ಅಲ್ಲಿನ ವಲಸೆ ಕಾಯ್ದೆಯ ಪ್ರಕಾರ ‘ಹತ್ತಿರದ ಬಂಧು’. ಇಂಥವರಿಗೆ ನೀಡುವ ವಲಸೆ ವೀಸಾಗಳಿಗೆ ವಾರ್ಷಿಕ ಮಿತಿಯಿಲ್ಲ. ಕಡತಗಳ ಪರಿಶೀಲನೆಗೆ ಹಿಡಿಯುವ ಕಾಲವಷ್ಟೇ ಕಾಯಬೇಕು. ಅದೂ ಹಲವೊಮ್ಮೆ ವರ್ಷ ಮೀರುತ್ತದೆ. ಆತ ಗ್ರೀನ್ ಕಾರ್ಡ್ ಹೊಂದಿದ ಖಾಯಂ ನಿವಾಸಿಯಾಗಿದ್ದರೆ ಪತ್ನಿಯು ‘ಎಫ್2ಎ’ ಎಂಬ ವರ್ಗಕ್ಕೆ ಸೇರುತ್ತಾಳೆ. ಈ ವರ್ಗಕ್ಕೆ ಸಂಖ್ಯಾಮಿತಿಯಿದೆ, ಸರತಿಯಿದೆ. ಅಮೆರಿಕದ ವಿದೇಶಾಂಗ ಇಲಾಖೆ ಪ್ರತಿ ತಿಂಗಳು ಪ್ರಕಟಿಸುವ ವೀಸಾ ಬುಲೆಟಿನ್‌ನಲ್ಲಿ ತನ್ನ ಅರ್ಜಿಯ ದಿನಾಂಕ ಬರುವ ತನಕ ಆಕೆ ತವರಿನಲ್ಲೇ ಇರಬೇಕಾದೀತು. ಇನ್ನು ಎಚ್-1ಬಿ ಉದ್ಯೋಗ ವೀಸಾದಲ್ಲಿರುವವನ ಪತ್ನಿಗೆ ದೊರೆಯುವುದು ಎಚ್-4. ಅದು ವಲಸೆ ವೀಸಾ ಅಲ್ಲ, ಗಂಡನ ಉದ್ಯೋಗಕ್ಕೆ ಅಂಟಿಕೊಂಡ ತಾತ್ಕಾಲಿಕ ಅನುಮತಿ.

ಇಲ್ಲೊಂದು ಸೂಕ್ಷ್ಮವಿದೆ. ಉದ್ಯೋಗದ ಆಧಾರದಲ್ಲಿ ವರನಿಗೆ ಗ್ರೀನ್ ಕಾರ್ಡ್ ಮಂಜೂರಾಗುವ ಮೊದಲೇ ಮದುವೆ ನಡೆದಿದ್ದರೆ, ಪತ್ನಿಯು ಅದೇ ಅರ್ಜಿಯ ಆಧಾರದಲ್ಲಿ ಅವನನ್ನು ಹಿಂಬಾಲಿಸಬಹುದು. ಬೇರೆ ಸರತಿಯಲ್ಲಿ ನಿಲ್ಲಬೇಕಿಲ್ಲ. ಮಂಜೂರಾದ ಮರುದಿನ ಮದುವೆಯಾದರೂ ಆಕೆ ಎಫ್2ಎ ಸರತಿಗೆ ಬೀಳುತ್ತಾಳೆ. ಸಭಾಭವನ ಸಿಗಲಿಲ್ಲವೆಂದೋ ಆಷಾಢ ಬಂತೆಂದೋ ಮುಹೂರ್ತವನ್ನು ಮುಂದೂಡುವ ಮನೆಯವರು ಈ ಲೆಕ್ಕವನ್ನೂ ಹಾಕಬೇಕು.

‘ಸದ್ಯಕ್ಕೆ ಪ್ರವಾಸಿ ವೀಸಾದಲ್ಲಿ ಹೋಗಲಿ, ಉಳಿದದ್ದು ಅಲ್ಲಿ ನೋಡೋಣ’ ಎಂಬ ಸಲಹೆ ಕೊಡುವವರು ಎಲ್ಲ ಊರಿನಲ್ಲೂ ಇದ್ದಾರೆ. ನೆಲೆಸುವ ಉದ್ದೇಶವನ್ನು ಮರೆಮಾಚಿ ವೀಸಾ ಪಡೆಯುವುದನ್ನು ಆ ದೇಶದ ಕಾನೂನು ಸುಳ್ಳು ನಿರೂಪಣೆಯೆಂದು ಎಣಿಸುತ್ತದೆ; ಅದಕ್ಕೆ ವಿಧಿಸುವ ನಿರ್ಬಂಧ ಜೀವಮಾನದ್ದು. ವಿನಾಯಿತಿ ಕೋರಲು ಅವಕಾಶವಿದೆಯಾದರೂ ಅದು ದುರ್ಗಮ ದಾರಿ.

ಅರ್ಜಿಯ ಕ್ರಮ ಅಷ್ಟೇನೂ ಜಟಿಲವಲ್ಲ. ಪತಿಯು ಅಮೆರಿಕದ ಪೌರತ್ವ ಮತ್ತು ವಲಸೆ ಸೇವಾ ಇಲಾಖೆಗೆ ಐ-130 ಸಲ್ಲಿಸುತ್ತಾನೆ. ಅದು ಅಂಗೀಕೃತವಾದ ಮೇಲೆ ಕಡತವು ರಾಷ್ಟ್ರೀಯ ವೀಸಾ ಕೇಂದ್ರಕ್ಕೆ ಹೋಗುತ್ತದೆ. ಪತ್ನಿಯನ್ನು ಪೋಷಿಸಬಲ್ಲೆನೆಂದು ಪತಿಯು ಐ-864 ಪ್ರಮಾಣಪತ್ರ ಬರೆದುಕೊಡಬೇಕು. ಅಲ್ಲಿನ ಸರಕಾರ ಗೊತ್ತುಪಡಿಸಿದ ಬಡತನದ ಮಿತಿಯ ಶೇ. 125ರಷ್ಟಾದರೂ ಆದಾಯ ಇರಬೇಕು. ವಿಚ್ಛೇದನವಾದ ಮಾತ್ರಕ್ಕೆ ಈ ಹೊಣೆ ಮುಗಿಯುವುದಿಲ್ಲ. ಬಳಿಕ ಪೊಲೀಸ್ ಪ್ರಮಾಣಪತ್ರ, ನಿಯೋಜಿತ ವೈದ್ಯರಿಂದ ತಪಾಸಣೆ, ಕೊನೆಗೆ ಸಂದರ್ಶನ.

ಕಾಸರಗೋಡಿನ ಕನ್ನಡ ಮನೆಗಳಿಗೆ ನಿಜವಾದ ತೊಡಕು ಎದುರಾಗುವುದು ಹೆಸರಿನಲ್ಲಿ. ಮನೆಯಲ್ಲಿ ತುಳುವಿನಲ್ಲೋ ಹವ್ಯಕದಲ್ಲೋ ಕರೆದ ಹೆಸರು ಶಾಲೆಯಲ್ಲಿ ಕನ್ನಡದಲ್ಲಿ ದಾಖಲಾಗುತ್ತದೆ, ಪಂಚಾಯತಿನ ಜನನ ನೋಂದಣಿಯಲ್ಲಿ ಮಲಯಾಳ ಲಿಪಿಗೆ ಇಳಿಯುತ್ತದೆ, ಪಾಸ್‌ಪೋರ್ಟಿನಲ್ಲಿ ಇಂಗ್ಲಿಷಾಗುತ್ತದೆ. ‘ಗೀತಾ’ ಎಂಬ ಎರಡಕ್ಷರ ಒಂದು ಕಡೆ ಎರಡು ‘ಇ’ಗಳಿಂದ, ಇನ್ನೊಂದು ಕಡೆ ಒಂದೇ ‘ಐ’ಯಿಂದ ಮೂಡುತ್ತದೆ, ‘ಟಿ’ಯ ಮುಂದೆ ‘ಎಚ್’ ಒಮ್ಮೆ ಇದೆ, ಒಮ್ಮೆ ಇಲ್ಲ. ಒಂದು ದಾಖಲೆಯಲ್ಲಿ ರೈ, ಭಟ್, ಶೆಟ್ಟಿ ಎಂಬ ಕುಲನಾಮವಿದ್ದರೆ ಇನ್ನೊಂದರಲ್ಲಿ ಮನೆತನದ ಹೆಸರಿನ ಮೊದಲಕ್ಷರ ಮಾತ್ರ. ಊರಿನಲ್ಲಿ ಎಲ್ಲರಿಗೂ ಒಬ್ಬಳೇ ಆದ ಹುಡುಗಿ ಕಡತದಲ್ಲಿ ಮೂವರಾಗಿ ಕಾಣುತ್ತಾಳೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಅದು ಕುಲನಾಮದ ಜಾಗಕ್ಕೆ ಹೋಗಿ, ಸ್ವಂತ ಹೆಸರಿನ ಜಾಗದಲ್ಲಿ ‘ಎಫ್ಎನ್‌ಯು’ ಎಂದು ಅಚ್ಚಾಗುತ್ತದೆ. ಮೊದಲ ಹೆಸರು ತಿಳಿದಿಲ್ಲ ಎಂದು ಅದರ ಅರ್ಥ. ಹೆತ್ತವರು ಹುಡುಕಿ ಇಟ್ಟ ಹೆಸರಿಗೆ ಬಂದ ಗತಿ ಇದು!

ಜನನ ನೋಂದಣಿಯ ತಪ್ಪುಗಳನ್ನು 1969ರ ಜನನ ಮರಣ ನೋಂದಣಿ ಕಾಯ್ದೆಯ 15ನೆಯ ಕಲಮಿನ ಪ್ರಕಾರ ತಿದ್ದಿಸಬಹುದು. ಶಾಲಾ ದಾಖಲೆಯನ್ನು ಮಗು ಶಾಲೆಯಲ್ಲಿರುವಾಗಲೇ ಸರಿಪಡಿಸುವುದು ಸುಲಭ. ಎಸ್ಎಸ್ಎಲ್‌ಸಿ ಪ್ರಮಾಣಪತ್ರ ಕೈಸೇರಿದ ಮೇಲೆ ತಿರುವನಂತಪುರದ ಪರೀಕ್ಷಾ ಭವನದ ಬಾಗಿಲು ತಟ್ಟಬೇಕಾಗುತ್ತದೆ.

ಮದುವೆಯ ದಾಖಲೆಯೂ ಹಾಗೆಯೇ. ದೇವಸ್ಥಾನದ ರಶೀದಿ, ಲಗ್ನಪತ್ರಿಕೆ ಪೂರಕ ಸಾಕ್ಷ್ಯವಾದಾವು, ವಿವಾಹ ಪ್ರಮಾಣಪತ್ರವಾಗಲಾರವು. ಕೇರಳದ 2008ರ ವಿವಾಹ ನೋಂದಣಿ ನಿಯಮಗಳಂತೆ ಮದುವೆಯಾದ 45 ದಿನಗಳೊಳಗೆ ಸ್ಥಳೀಯಾಡಳಿತ ಸಂಸ್ಥೆಯಲ್ಲಿ ನೋಂದಾಯಿಸಿಕೊಳ್ಳಬೇಕು. ಕನ್ನಡದ ಕಾಗದಪತ್ರಗಳನ್ನು ಬದಿಗಿಡಬೇಕಿಲ್ಲ. ಪೂರ್ಣ ಇಂಗ್ಲಿಷ್ ಅನುವಾದ ಜೊತೆಗಿದ್ದು, ಎರಡೂ ಭಾಷೆ ಬಲ್ಲ ತಾನು ಸರಿಯಾಗಿ ಅನುವಾದಿಸಿದ್ದೇನೆಂದು ಅನುವಾದಕರು ದೃಢೀಕರಿಸಿ ಸಹಿ ಹಾಕಿದರೆ ವಲಸೆ ಇಲಾಖೆಗೆ ಸಾಕು. ಕನ್ನಡ ಕಲಿತದ್ದೇ ಅಡ್ಡಿಯಾಯಿತೆಂಬ ಮಾತಿಗೆ ಇಲ್ಲಿ ಆಧಾರವಿಲ್ಲ.

ಸಂದರ್ಶನದಲ್ಲಿ ಅಧಿಕಾರಿ ಅರಿಯಬಯಸುವುದು ಮದುವೆ ನೈಜವೇ ಎಂಬುದನ್ನು. ಮೂರು ವಾರದ ರಜೆಯಲ್ಲಿ ಬಂದು ತಾಳಿ ಕಟ್ಟಿ ಹೋದ ಗಂಡನ ಬಗ್ಗೆ ನವವಧುವಿಗೆ ತಿಳಿದಿರುವುದು ಸ್ವಲ್ಪವೇ. ಹಿರಿಯರು ನಿಶ್ಚಯಿಸಿದ ಮದುವೆ ಸಂಶಯಕ್ಕೆ ತಾನೇ ಕಾರಣವಲ್ಲ. ಎರಡೂ ಕುಟುಂಬಗಳಿರುವ ಭಾವಚಿತ್ರಗಳು, ದಂಪತಿಯ ಪತ್ರವ್ಯವಹಾರ, ಪತಿಯ ಮರುಪ್ರಯಾಣದ ಟಿಕೇಟುಗಳು ಕೆಲಸಕ್ಕೆ ಬರುತ್ತವೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನುವುದೇ ಲೇಸು; ಬಾಯಿಪಾಠದ ಉತ್ತರ ಕೂಡಲೇ ಗೊತ್ತಾಗುತ್ತದೆ.

ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಈ ವಲಸೆ ವೀಸಾದಲ್ಲಿ ಅಮೆರಿಕ ಪ್ರವೇಶಿಸಿದ ಪತ್ನಿಗೆ ಮೊದಲು ದೊರೆಯುವುದು ಎರಡು ವರ್ಷದ ಷರತ್ತುಬದ್ಧ ನಿವಾಸ. ಅದು ಮುಗಿಯುವ ಹಿಂದಿನ 90 ದಿನಗಳಲ್ಲಿ ದಂಪತಿ ಒಟ್ಟಾಗಿ ಐ-751 ಸಲ್ಲಿಸಬೇಕು. ಅರ್ಜಿಗೆ ಸಹಿ ಹಾಕುವುದಿಲ್ಲವೆಂದು ಗಂಡ ಬೆದರಿಸಿದರೆ ಹೊಡೆತ ತಿಂದುಕೊಂಡು ಸುಮ್ಮನಿರಬೇಕಾದ ಸ್ಥಿತಿ ಆಕೆಗಿಲ್ಲ. ದೌರ್ಜನ್ಯಕ್ಕೊಳಗಾದವಳು, ಪ್ರಾಮಾಣಿಕವಾಗಿ ಮದುವೆಯಾಗಿ ವಿಚ್ಛೇದನ ಪಡೆದವಳು ಒಬ್ಬಳೇ ಅರ್ಜಿ ಹಾಕಬಹುದು. ಕೊನೆಯ ದಿನಾಂಕ ಆಕೆಯ ಕಾರ್ಡಿನ ಮೇಲೆಯೇ ಅಚ್ಚಾಗಿರುತ್ತದೆ. ಆ ಕಾರ್ಡು ಇರಬೇಕಾದದ್ದು ಆಕೆಯ ಕೈಯಲ್ಲಿ, ಅತ್ತೆ ಮಾವಂದಿರ ಕಪಾಟಿನಲ್ಲಲ್ಲ.